ಎಂಆರ್‌ಐಯಲ್ಲಿ ‘ಮೋಲಾರ್ ಟೂತ್ ಸೈನ್’ ಅಂದರೆ ಏನು?

ಪ್ರಶ್ನೆ: ಅಕ್ಕನ ಮಗುವಿಗೆ ಒಂದು ವರ್ಷ, ಕತ್ತು ಇನ್ನೂ ಸರಿಯಾಗಿ ನಿಂತಿಲ್ಲ. ಎಂಆರ್‌ಐ ನೋಡಿ ಜೂಬರ್ಟ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಅಪರೂಪದ ಮೆದುಳಿನ ಕಾಯಿಲೆ) ಇರಬಹುದು ಅಂದಿದ್ದಾರೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಉತ್ತರ 1: ಕಿರುಮೆದುಳಿನ ನಡುಭಾಗಕ್ಕೆ ವರ್ಮಿಸ್ ಅನ್ನುತ್ತಾರೆ. ಈ ಕಾಯಿಲೆಯಲ್ಲಿ ಅದು ಸರಿಯಾಗಿ ಬೆಳೆದಿರುವುದಿಲ್ಲ. ಕಿರುಮೆದುಳನ್ನು ನಡುಮೆದುಳಿಗೆ ಜೋಡಿಸುವ ನರದ ಕಟ್ಟುಗಳು ದಪ್ಪಗೆ, ಉದ್ದಕ್ಕೆ ಇರುತ್ತವೆ, ನಡುಮೆದುಳಿನ ಮುಂಭಾಗದ ಕುಳಿಯೂ ಜಾಸ್ತಿ ಆಳ, ಹಾಗಾಗಿ ಅಡ್ಡ ಸೀಳಿನ ಚಿತ್ರದಲ್ಲಿ ದವಡೆ ಹಲ್ಲಿನ (ಮೋಲಾರ್ ಟೂತ್) ಆಕಾರ ಕಾಣುತ್ತದೆ.

ಉತ್ತರ 2: ಸ್ಕ್ಯಾನ್‌ಗೇ ನಿಲ್ಲಿಸಬೇಡಿ. ಕಣ್ಣು, ಕಿಡ್ನಿ, ಲಿವರ್ ತೊಂದರೆ ಆಮೇಲೂ ಬರಬಹುದು, ಆಗಾಗ ಪರೀಕ್ಷೆ ಮಾಡಿಸಲೇಬೇಕು. ಜೀನ್ ಪರೀಕ್ಷೆಯೂ ಮುಖ್ಯ, ಯಾಕಂದರೆ ಸಾಮಾನ್ಯವಾಗಿ ಇದು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ, ಹಾಗಿದ್ದರೆ ಮುಂದಿನ ಪ್ರತಿ ಮಗುವಿಗೂ 25% ಸಾಧ್ಯತೆ ಇರುತ್ತದೆ.

ಉತ್ತರ 3: ಫಿಸಿಯೋಥೆರಪಿ ಈಗಲೇ ಶುರು ಮಾಡಿಸಿ, ವರದಿಗಳಿಗೆಲ್ಲ ಕಾಯಬೇಡಿ.