ಸಹಾಯ ಬೇಕು: ಮಾನಸಿಕ ಕಾಯಿಲೆ ಮದ್ದಿನಿಂದ ತಮ್ಮನಿಗೆ ಕೂತಲ್ಲಿ ಕೂರ್ಲಿಕ್ಕೆ ಆಗ್ತಾ ಇಲ್ಲ

ನಮಸ್ಕಾರ ಎಲ್ರಿಗೂ, ನಾನು ಬದಿಯಡ್ಕ ಕಡೆಯವಳು. ತಮ್ಮನಿಗೆ ಸ್ಕಿಜೋಫ್ರೇನಿಯಾ, ರಿಸ್ಪೆರಿಡೋನ್ ತಗೊಳ್ತಾನೆ, ಕಿವಿಲಿ ಮಾತು ಕೇಳೋದೆಲ್ಲ ನಿಂತಿದೆ, ಅದೊಂದು ದೊಡ್ಡ ಸಮಾಧಾನ. ಆದ್ರೆ ಡೋಸ್ ಜಾಸ್ತಿ ಮಾಡಿದ್ಮೇಲೆ ಅಡಿಕೆ ಸುಲಿಲಿಕ್ಕೆ ಕೂತ್ರೆ ನಾಲ್ಕು ಸುಲಿಯುವಷ್ಟರಲ್ಲಿ ಎದ್ದು ಜಗಲಿಯಲ್ಲಿ ಆಚೆ ಈಚೆ ನಡೀಲಿಕ್ಕೆ ಶುರು, ರಾತ್ರಿ ಮಲಗಿದ್ರೂ ಕಾಲು ಆಡಿಸ್ತಾನೇ ಇರ್ತಾನೆ, "ಒಳಗಿಂದ ಎಂತದೋ ಎಳೆದ ಹಾಗೆ ಆಗ್ತದೆ ಅಕ್ಕ" ಅಂತಾನೆ.

ಕೈ ನಡುಕಕ್ಕೆ, ಮೈ ಬಿಗಿಯೋದಕ್ಕೆ ಪ್ಯಾಸಿಟೇನ್ ಕೊಟ್ಟಿದ್ರು. ನಡುಕ ಕಮ್ಮಿ ಆಯ್ತು, ಚಡಪಡಿಕೆ ಹಾಗೇ ಉಂಟು, ಮೇಲಿಂದ ಬಾಯಿ ಒಣಗೋದು, ಮಲಬದ್ಧತೆ ಬೇರೆ. ಈ ಚಡಪಡಿಕೆಗೆ ಅಕಥೀಸಿಯಾ ಅಂತಾರೆ, ಅದಕ್ಕೆ ಪ್ರೊಪ್ರನಲಾಲ್ ಮಾತ್ರೆ ಕೊಡೋದುಂಟು, ಆದ್ರೆ ಇವನಿಗೆ ಸಣ್ಣದ್ರಿಂದಲೇ ಉಬ್ಬಸ, ಉಬ್ಬಸ ಇದ್ದವರಿಗೆ ಆ ಮಾತ್ರೆ ಆಗೋದಿಲ್ಲ. ಹಾಗಾದ್ರೆ ಬೇರೆಂತ ದಾರಿ ಮಾರಾಯ್ರೆ? ಡಾಕ್ಟರ್ ಹೇಳಿ ಡೋಸ್ ಇಳಿಸಿ ಅಥವಾ ರಿಸ್ಪೆರಿಡೋನ್ ಬದಲು ಅದೇ ಕಾಯಿಲೆಯ ಬೇರೆ ಮದ್ದು ಕ್ವೆಟಿಯಾಪಿನ್‌ಗೆ ಬದಲಾಯಿಸಿ ಸರಿಯಾದವರು ಇದ್ದೀರಾ, ಬದಲಾಯಿಸುವಾಗ ಹಳೇ ತೊಂದ್ರೆ ವಾಪಾಸ್ ಬಂತಾ?

ಈಗೀಗ ತುಟಿ ಚಪ್ಪರಿಸಿದ ಹಾಗೆ ಮಾಡ್ತಾನೆ, ಅದು ಟಾರ್ಡಿವ್ ಡಿಸ್ಕೈನೀಶಿಯಾ (ಇಂಥ ಮದ್ದಿನಿಂದ ಬಾಯಿ, ನಾಲಿಗೆ ತನ್ನಿಂತಾನೇ ಆಡೋ ತೊಂದ್ರೆ) ಶುರುವಾ ಅಂತ ಹೆದರಿಕೆ, ಆಗಿದ್ರೆ ಪ್ಯಾಸಿಟೇನ್‌ನಿಂದ ಅದು ಹೆಚ್ಚಾಗಲೂಬಹುದಂತೆ.

ದಯವಿಟ್ಟು ಮದ್ದು ನಿಲ್ಸಿ, ಜೋಯಿಸರತ್ರ ಪ್ರಶ್ನೆ ಇಡ್ಸಿ ಅಂತ ಯಾರೂ ಹೇಳ್ಬೇಡಿ, ಅದನ್ನ ಹೇಳ್ಲಿಕ್ಕೆ ನೆರೆಕರೆಯವರೇ ಸಾಕಷ್ಟು ಇದ್ದಾರೆ. ಕಾಸರಗೋಡು, ಮಂಗಳೂರು ಕಡೆ ಕನ್ನಡದಲ್ಲಿ ಮಾತಾಡಿ ಅಮ್ಮನಿಗೂ ಅರ್ಥ ಆಗುವ ಹಾಗೆ ಹೇಳುವ ಸೈಕಿಯಾಟ್ರಿಸ್ಟ್ ಗೊತ್ತಿದ್ರೆ ತಿಳಿಸಿ. ನಿಮ್ಹಾನ್ಸ್‌ಗೆ ಹೋಗ್ಲಿಕ್ಕೂ ರೆಡಿ, ಬೆಂಗಳೂರಿನವರೆಗೆ ಬಸ್ಸಲ್ಲಿ ಇವನನ್ನು ಕೂರ್ಸೋದು ಹೇಗೆ ಅನ್ನೋದೇ ಚಿಂತೆ.