ಸಹಾಯ ಬೇಕು: ಬೆಲ್ಟ್ ಖಾಲಿ ಇದ್ದರೂ ಕೌಂಟರ್ ಎಣಿಸುತ್ತಿದೆ
ಕನ್ವೇಯರ್ ಮೇಲಿನ ತಗಡಿನ ಡಬ್ಬ ಎಣಿಸುವ ಡಿಜಿಟಲ್ ಕೌಂಟರ್ ಎರಡು ದಿನದಿಂದ ತಲೆ ತಿನ್ನುತ್ತಿದೆ. 100 ಡಬ್ಬ ಹೋದರೆ 108, 110 ಅಂತ ತೋರಿಸುತ್ತದೆ.

ಸೆನ್ಸರ್ 24 ವೋಲ್ಟ್‌ನ ಪಿಎನ್‌ಪಿ (ಸಿಗ್ನಲ್ ಆಗಿ ಪ್ಲಸ್ ಕೊಡುವ) ಪ್ರಾಕ್ಸಿಮಿಟಿ, ಅಂದರೆ ಲೋಹ ಹತ್ತಿರ ಬಂದರೆ ಮುಟ್ಟದೆಯೇ ಗುರುತಿಸುವಂಥದ್ದು. ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್, ವೈರಿಂಗ್ ಸರಿಯಾಗಿದೆ. ಮೋಟಾರ್ ನಿಲ್ಲಿಸಿ ಸ್ಪ್ಯಾನರ್ ಹಿಡಿದು ತೋರಿಸಿದರೆ ಒಂದಕ್ಕೆ ಒಂದೇ ಎಣಿಕೆ. ಮೋಟಾರ್ ಶುರುವಾದರೆ ಸಾಕು, ಬೆಲ್ಟ್ ಖಾಲಿ ಇದ್ದರೂ ಅಂಕಿ ಜಿಗಿಯುತ್ತದೆ! ಆಗ ಸೆನ್ಸರಿನ ಎಲ್‌ಇಡಿ ಮಿಣುಕುವುದೇ ಇಲ್ಲ. ಹಾಗಾದರೆ ತಪ್ಪು ಸೆನ್ಸರಿನದಲ್ಲ, ಅಲ್ವಾ?

ಸೆನ್ಸರ್ ಕೇಬಲ್ ಮೋಟಾರ್ ಡ್ರೈವ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿದೆ (ಎಳೆದವನು ನಾನೇ, ಬೈಬೇಡಿ). ಡ್ರೈವ್ ಕೇಬಲ್‌ನ ನಾಯ್ಸ್ (ವಿದ್ಯುತ್ ಅಡಚಣೆ) ಸೆನ್ಸರ್ ಕೇಬಲ್‌ಗೆ ಸೇರಿ ಸುಳ್ಳು ಎಣಿಕೆ ಆಗುತ್ತಿದೆಯೇನೋ ಅಂತ ಅನುಮಾನ. ಶೀಲ್ಡ್ ಕೇಬಲ್ (ಒಳಗಿನ ತಂತಿಗಳ ಸುತ್ತ ಲೋಹದ ಹೊದಿಕೆ ಇರುವುದು) ಬೇರೆ ದಾರಿಯಲ್ಲಿ ಎಳೆದು, ಶೀಲ್ಡನ್ನು ಕೌಂಟರ್ ಕಡೆ ಮಾತ್ರ ಅರ್ತ್ ಮಾಡಿದರೆ ಸಾಕಾ? ಅಥವಾ ಕೌಂಟರಿನ ಕೌಂಟಿಂಗ್ ಸ್ಪೀಡನ್ನು 30 ಹರ್ಟ್ಜ್‌ಗೆ (ಸೆಕೆಂಡಿಗೆ ಹೆಚ್ಚೆಂದರೆ 30 ಎಣಿಕೆ) ಇಳಿಸಲೇ? ನಿಮಿಷಕ್ಕೆ ಹೋಗುವುದು 60 ಡಬ್ಬ ಅಷ್ಟೇ. ಸುಮ್ನೆ ಹೊಸ ಸೆನ್ಸರ್ ಕೊಳ್ಳುವ ಮೊದಲು ಕೇಳೋಣ ಅಂತ.