ಅಪ್‌ಡೇಟ್: ಬನವಾಸಿಗೆ ಹೋಗ್ಬಂದ್ವಿ

ದೇವಸ್ಥಾನ ಬಿಟ್ರೆ ಬನವಾಸಿಲಿ ಏನಿದೆ, ಒಂದು ದಿನ ಸಾಕಾ ಅಂತ ಕೇಳಿದ್ನಲ್ಲ, ಹೋಗ್ಬಂದ್ವಿ. ಶಿರಸಿಯಿಂದ ಬೆಳಿಗ್ಗೆ ಬಸ್ ಹಿಡಿದ್ವಿ, ದಾರಿ ಉದ್ದಕ್ಕೂ ಗದ್ದೆ, ಅಡಿಕೆ ತೋಟ, ಊರು ಹತ್ರ ಬಂದಂಗೆ ಅನಾನಸ್ ಹೊಲ, ಬನವಾಸಿ ಅನಾನಸ್ಸಿಗೆ ಫೇಮಸ್ ಅಂತ ಗೊತ್ತಿತ್ತು ಆದ್ರೂ ಇಷ್ಟೊಂದು ಅನ್ಕೊಂಡಿರ್ಲಿಲ್ಲ. ಮಧುಕೇಶ್ವರ ದೇವಸ್ಥಾನದಲ್ಲಿ ಆ ದೊಡ್ಡ ನಂದಿ, ಒಂದು ಕಣ್ಣು ಶಿವನ ಕಡೆ ಇನ್ನೊಂದು ಪಾರ್ವತಿ ಕಡೆ ಅಂತಾರೆ, ಆದ್ರೆ ನಂಗೆ ಅದಕ್ಕಿಂತ ಸೋದೆ (ಶಿರಸಿ ಹತ್ರದ ಸೋಂದಾ) ಅರಸರು ಕೊಟ್ಟ ಕಲ್ಲಿನ ಮಂಚಾನೇ ಜಾಸ್ತಿ ಹಿಡಿಸ್ತು, ಕೆತ್ತನೆ ನೋಡ್ತಾ ನಿಂತ್ಬಿಟ್ಟೆ. ಹಿಂದೇನೇ ವರದಾ ನದಿ. ಕದಂಬರ ರಾಜಧಾನಿ ಅಂದ್ರೆ ನಂಬೋಕೆ ಆಗಲ್ಲ, ಅಷ್ಟು ಚಿಕ್ಕ ಪೇಟೆ. ಗಾಡಿ ಇದ್ರೆ ಗುಡ್ನಾಪುರ ಕೆರೆನೂ ನೋಡಿ, ಕದಂಬ ರಾಜ ರವಿವರ್ಮನ ಶಾಸನ ಸಿಕ್ಕಿದ್ದು ಅಲ್ಲೇ. ಒಂದು ದಿನ ಧಾರಾಳ ಸಾಕು.